ಬಚ್ಚಲೊಲೆಗೆ ಹೋದ ಕಾಗದಗಳು

ಕಾಪುವಿನ ನಮ್ಮ ಹಳೆಯ ಮನೆಯನ್ನು ಕೆಡವಿಸಿದ್ದು 1984ರ ಬೇಸಗೆಯಲ್ಲಿ. ಅಪ್ಪಯ್ಯ ತೀರಿಕೊಂಡು ಮೂರು ವರ್ಷ ಕಳೆದಿತ್ತು. ನಾನು ಬ್ಯಾಂಕಿನ ಕೆಲಸದಲ್ಲಿ ಊರಿಂದೂರಿಗೆ ವರ್ಗವಾಗುತ್ತಿದ್ದವನು. ಹದಿನೈದು ದಿನದ ರಜೆಯಲ್ಲಿ ಎಲ್ಲವನ್ನೂ ಮುಗಿಸಿ ಹೋಗಬೇಕೆಂಬ ಅವಸರ. ಚಾವಡಿಯ ಕಂಬಗಳಿಗೆ, ಬಾಗಿಲ ದಾರಂದಗಳಿಗೆ, ಹಂಚಿಗೆ ಕೊಳ್ಳುವವರು ತಾವಾಗಿಯೇ ಹುಡುಕಿಕೊಂಡು ಬಂದರು. ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯನ್ನು ಮಾತ್ರ ಯಾರೂ ಕೇಳಲಿಲ್ಲ.

ಅದರೊಳಗೆ ಅಪ್ಪಯ್ಯನ ಕಾಗದಪತ್ರಗಳಿದ್ದುವು. ಹಳೆಯ ಪಂಚಾಂಗಗಳು, ಶಾಲೆಯ ಲೆಕ್ಕದ ಪುಸ್ತಕಗಳು, ತಂತಿಗೆ ಚುಚ್ಚಿಟ್ಟ ಕಾರ್ಡುಗಳು, ಬಾಳೆನಾರಿನಲ್ಲಿ ಕಟ್ಟಿದ ಲಕೋಟೆಗಳು. ಒಂದು ಬದಿಗೆ ಗೆದ್ದಲು ಹಿಡಿದಿತ್ತು. ಮೇಲಿನ ಎರಡು ಕಟ್ಟುಗಳನ್ನು ಬಿಚ್ಚಿ ನೋಡಿದೆ. ‘ಉಭಯ ಕುಶಲೋಪರಿ ಸಾಂಪ್ರತ’ ಎಂದು ಶುರುವಾಗಿ, ಶಕವರ್ಷ, ಸಂವತ್ಸರ, ಯಾವುದೋ ಅಕ್ಷರದ ಒತ್ತು, ದೀರ್ಘ ಎಂದೆಲ್ಲ ಬರೆದಿತ್ತು. ಆಸ್ತಿಗೆ ಸಂಬಂಧಪಟ್ಟದ್ದಲ್ಲ ಎಂದು ಖಾತ್ರಿ ಮಾಡಿಕೊಂಡೆ. ಉಳಿದುದನ್ನು ಬಿಚ್ಚದೆಯೇ ಬಚ್ಚಲೊಲೆಗೆ ಹಾಕಲು ಹೇಳಿದೆ. ಮೂರು ದಿನ ಹಂಡೆಯ ನೀರು ಅದರಿಂದಲೇ ಕಾಯಿತು. ನಾನೂ ಆ ನೀರಿನಲ್ಲೇ ಮಿಂದೆ.

ಅಪ್ಪಯ್ಯ ಪ್ರಾಥಮಿಕ ಶಾಲೆಯ ಮಾಸ್ತರರು. ಆದಿತ್ಯವಾರ ಬಂತೆಂದರೆ ಒಂದು ಚೀಲದಲ್ಲಿ ಕಾಗದ, ಪೆನ್ಸಿಲು, ತೆಂಗಿನನಾರಿನ ಒಂದು ಬ್ರಷ್ಷು ಹಾಕಿಕೊಂಡು ಹೊರಟುಬಿಡುತ್ತಿದ್ದರು. ದೇವಸ್ಥಾನದ ಅಂಗಳ, ಬಸದಿಯ ಹಿಂಬದಿ, ಗದ್ದೆಯ ಅಂಚು, ಎಲ್ಲಿ ಅಕ್ಷರ ಕೊರೆದ ಕಲ್ಲಿದ್ದರೂ ಅದರ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ನಕಲು ಮಾಡುತ್ತಿದ್ದರು. ಅಮ್ಮ ಇದನ್ನು ‘ಕಲ್ಲಿನ ಮರುಳು’ ಎನ್ನುತ್ತಿದ್ದಳು. ಮಕ್ಕಳಾದ ನಮಗೆ ಆ ಮಾತು ಬಹಳ ಇಷ್ಟವಾಗಿತ್ತು.

1996ರಲ್ಲಿ ಅಮ್ಮನೂ ಹೋದಳು. ಅವಳು ದೇವರ ಕೋಣೆಯಲ್ಲಿ ಇಟ್ಟುಕೊಂಡಿದ್ದ ಹಳೆಯ ಪಂಚಾಂಗವೊಂದರ ಪುಟಗಳ ನಡುವೆ, ಗುರುತಿಗಾಗಿ ಇಟ್ಟ ಒಂದು ಅಂಚೆ ಕಾರ್ಡು ಸಿಕ್ಕಿತು. ಪೆಟ್ಟಿಗೆಯ ಕಾಗದಗಳಲ್ಲಿ ಬೆಂಕಿಗೆ ತಪ್ಪಿಸಿಕೊಂಡದ್ದು ಅದೊಂದೇ. ಬರೆದವರು ಯಾರೋ ತಿಳಿದವರು. ಅಪ್ಪಯ್ಯ ನಮ್ಮ ಊರಿನ ಗದ್ದೆಯ ಅಂಚಿನಲ್ಲಿದ್ದ ಒಂದು ಕಲ್ಲಿನ ಬರಹವನ್ನು ನಕಲು ಮಾಡಿ ಅವರಿಗೆ ಕಳುಹಿಸಿದ್ದರೆಂದು ತೋರುತ್ತದೆ. ಉತ್ತರ ಹೀಗಿತ್ತು: ‘ಮಾಸ್ತರರಿಗೆ ಸಾದರ ನಮಸ್ಕಾರಗಳು. ನಕಲು ತಲಪಿತು. ನಾಲ್ಕನೆಯ ಸಾಲಿನಲ್ಲಿ ತಾವು ಬಿಟ್ಟ ಎಂದು ಓದಿದ್ದೀರಿ, ಅದು ಕೊಟ್ಟ ಆಗಿರಬಹುದೆ? ಶಕವರ್ಷದ ಕೊನೆಯ ಅಂಕೆ ಮುಕ್ಕಾಗಿದ್ದರೆ ಚಿಂತೆಯಿಲ್ಲ, ಸಂವತ್ಸರದ ಹೆಸರು ಸಿಕ್ಕರೆ ಸಾಕು. ಮಳೆ ಬಿಟ್ಟ ಮೇಲೆ ಬೆಳಗ್ಗಿನ ಓರೆ ಬಿಸಿಲಿನಲ್ಲಿ ಮತ್ತೊಮ್ಮೆ ನೋಡಬೇಕು. ಕಲ್ಲಿಗೆ ಸುಣ್ಣ ಬಳಿಯಬೇಡಿ.’ ಸಹಿಯ ಮೇಲೆ ನೀರು ಬಿದ್ದು ಶಾಯಿ ಹರಡಿಹೋಗಿತ್ತು. ಅಂಚೆಯ ಮುದ್ರೆಯಲ್ಲಿ ‘ಕಾರ್ಕಳ’ ಎಂಬ ಹೆಸರೂ ‘58’ ಎಂಬ ಎರಡಂಕೆಯೂ ಉಳಿದಿದ್ದುವು. ಐದು ನಯಾಪೈಸೆಯ ಕಾರ್ಡು.

ಸಂವತ್ಸರದ ಹೆಸರು ಸಿಕ್ಕರೆ ಸಾಕು ಎಂದರೇನೆಂದು ನನಗೆ ಆಗ ಗೊತ್ತಿರಲಿಲ್ಲ. ಆ ಒಂದು ವಾಕ್ಯವನ್ನು ಅರ್ಥ ಮಾಡಿಕೊಳ್ಳಬೇಕೆಂದು ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ಉಡುಪಿಗೆ ಹೋದೆ. ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯಲ್ಲಿ ಕುಂಜಿಬೆಟ್ಟು. ಅಲ್ಲಿನ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು 1949ರಲ್ಲಿ ಆರಂಭವಾದದ್ದು. ಅದರ ಆವರಣದಲ್ಲೇ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವಿದೆ. ಪ್ರಾಂಶುಪಾಲರಾಗಿದ್ದ ಕು. ಶಿ. ಹರಿದಾಸ ಭಟ್ಟರ ಆಸ್ಥೆಯಿಂದ ಬೆಳೆದ ಸಂಸ್ಥೆ. ಮಂಜೇಶ್ವರದ ಗೋವಿಂದ ಪೈಗಳು 1963ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಮೇಲೆ ಅವರ ಸ್ವಂತ ಗ್ರಂಥಭಂಡಾರ ಇಲ್ಲಿಗೆ ಬಂದಿತು. 1956ರ ನವೆಂಬರ್ ಒಂದರಂದು ಮಂಜೇಶ್ವರ ಕೇರಳಕ್ಕೆ ಸೇರಿಹೋಯಿತಷ್ಟೆ. ಪೈಗಳು ತಮ್ಮ ಊರನ್ನು ಬಿಡಲಿಲ್ಲ. ಗಡಿ ದಾಟಿ ಬಂದದ್ದು ಅವರ ಪುಸ್ತಕಗಳು.

ಪೈಗಳನ್ನು ನಾವು ಕವಿಯೆಂದು ಬಲ್ಲೆವು. ‘ಗಿಳಿವಿಂಡು’, ‘ಗೊಲ್ಗೊಥಾ’, ‘ವೈಶಾಖಿ’ಗಳ ಹೆಸರು ಕೇಳದ ಕನ್ನಡಿಗನಿಲ್ಲ. ಆದರೆ ಅವರು ಬರೆದುದರಲ್ಲಿ ದೊಡ್ಡ ಪಾಲು ಸಂಶೋಧನೆ. ಅವು ಯಾವ ಯಾವುದೋ ಪತ್ರಿಕೆಗಳಲ್ಲಿ, ಸಂಭಾವನಾಗ್ರಂಥಗಳಲ್ಲಿ ಚದರಿಹೋಗಿದ್ದುವು. ಕೇಂದ್ರದವರು ಅವನ್ನು ಒಟ್ಟುಗೂಡಿಸಿ 1995ರಲ್ಲಿ ‘ಗೋವಿಂದ ಪೈ ಸಂಶೋಧನ ಸಂಪುಟ’ವೆಂದು ಪ್ರಕಟಿಸಿದರು. ಆ ದಪ್ಪ ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತಾಗ ನನಗೆ ಹೊಳೆದದ್ದು ಒಂದೇ: ಈ ಮನುಷ್ಯ ಯಾವ ವಿಶ್ವವಿದ್ಯಾನಿಲಯದ ನೌಕರನೂ ಆಗಿರಲಿಲ್ಲ. ಮಂಜೇಶ್ವರದ ಮನೆಯಲ್ಲಿ ಕುಳಿತು ಇಷ್ಟನ್ನೂ ಮಾಡಬೇಕಾದರೆ ಪುಸ್ತಕ ತರಿಸಿಕೊಳ್ಳಲು ಅಂಚೆ, ಸಂದೇಹ ಕೇಳಲು ಅಂಚೆ, ವಾದ ಹೂಡಲು ಅಂಚೆ. ಅವರ ವಿದ್ಯಾಪೀಠವೆಂದರೆ ಅಂಚೆಯ ಚೀಲವೇ.

ಇನ್ನು ಸಂವತ್ಸರದ ಗುಟ್ಟು. ಅದನ್ನು ಕಾರ್ಕಳದ ಗೊಮ್ಮಟನಿಂದಲೇ ಹೇಳುತ್ತೇನೆ. ವೀರಪಾಂಡ್ಯ ಭೈರರಸನು ಆ 42 ಅಡಿಯ ಮೂರ್ತಿಯನ್ನು ನಿಲ್ಲಿಸಿದ್ದು ಶಕವರ್ಷ 1353, ವಿರೋಧಿಕೃತ್ ಸಂವತ್ಸರ, ಫಾಲ್ಗುಣ ಶುದ್ಧ ದ್ವಾದಶಿ, ಬುಧವಾರ. ಶಕಕ್ಕೆ 78 ಕೂಡಿಸಿದರೆ 1431 ಬರುತ್ತದೆ. ಆದರೆ ಫಾಲ್ಗುಣ ನಮ್ಮ ವರ್ಷದ ಕೊನೆಯ ತಿಂಗಳು. ಅಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಆದುದರಿಂದ 1432ರ ಫೆಬ್ರವರಿ 13. ಈಗ ಕಲ್ಲಿನಲ್ಲಿ 1353ರ ಕೊನೆಯ 3 ಒಡೆದುಹೋಗಿದೆ ಎಂದಿಟ್ಟುಕೊಳ್ಳಿ. ಸಂವತ್ಸರಗಳು ಅರುವತ್ತು, ಒಂದು ಹೆಸರು ಮರಳಿ ಬರಲು ಅರುವತ್ತು ವರ್ಷ ಬೇಕು. 1350ರಿಂದ 1359ರ ಒಳಗೆ ವಿರೋಧಿಕೃತ್ ಒಂದೇ ಒಂದು. ಕಳೆದುಹೋದ ಅಂಕೆ ಸಿಕ್ಕಿತು. ತಿಥಿವಾರಗಳೂ ಹೊಂದಿದರೆ ಸಂದೇಹವೇ ಇಲ್ಲ. ಹಾಗೆ ತಾಳೆ ನೋಡಲು ಎಲ್. ಡಿ. ಸ್ವಾಮಿಕಣ್ಣು ಪಿಳ್ಳೆಯವರು 1922ರಲ್ಲಿ ಸಂಪುಟಗಟ್ಟಲೆ ಕೋಷ್ಟಕಗಳನ್ನು ಅಚ್ಚು ಮಾಡಿಸಿಟ್ಟಿದ್ದರು. ಅಪ್ಪಯ್ಯನ ಪೆಟ್ಟಿಗೆಯಲ್ಲಿ ಅಷ್ಟೊಂದು ಹಳೆಯ ಪಂಚಾಂಗಗಳು ಏಕಿದ್ದುವೆಂಬುದು ಅಂದು ನನಗೆ ತಿಳಿಯಿತು. ಐವತ್ತರ ಸಮೀಪ ಬಂದ ಮಗನಿಗೆ ಅಪ್ಪನ ಆದಿತ್ಯವಾರಗಳು ಅರ್ಥವಾಗತೊಡಗಿದುವು.

ಅಚ್ಚಾದ ಲೇಖನಕ್ಕೂ ಪತ್ರಕ್ಕೂ ಇರುವ ವ್ಯತ್ಯಾಸವೇನು? ಲೇಖನದಲ್ಲಿ ತೀರ್ಮಾನವಿರುತ್ತದೆ, ಪತ್ರದಲ್ಲಿ ಅದಕ್ಕೆ ಹೋದ ದಾರಿಯಿರುತ್ತದೆ. ಗೊಮ್ಮಟ ಎಂಬ ಹೆಸರನ್ನೇ ನೋಡಿ. ಬಾಹುಬಲಿ ಕಾಮದೇವನಷ್ಟು ಸುಂದರ, ಆದ್ದರಿಂದ ‘ಮನ್ಮಥ’ ಶಬ್ದವೇ ಪ್ರಾಕೃತದ ಬಾಯಲ್ಲಿ ಸವೆದು ಗೊಮ್ಮಟವಾಯಿತು ಎಂದು ಗೋವಿಂದ ಪೈಗಳು ವಾದಿಸಿದರು. ಆ. ನೇ. ಉಪಾಧ್ಯೆಯವರು ಒಪ್ಪಲಿಲ್ಲ. ಗೊಮ್ಮಟ ಎಂಬುದು ಶ್ರವಣಬೆಳಗೊಳದ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಮನೆಯ ಹೆಸರು, ಅವನ ದೇವರಾದ್ದರಿಂದ ಗೊಮ್ಮಟೇಶ್ವರ ಎಂದರು. ಇಂದು ಹೆಚ್ಚಿನ ಪಂಡಿತರು ಉಪಾಧ್ಯೆಯವರ ಕಡೆ. ಪೈಗಳ ತೀರ್ಮಾನ ನಿಲ್ಲಲಿಲ್ಲವೆಂದು ಅವರ ಶ್ರಮ ಹಾಳಾಯಿತೆ? ಅವರು ಅಷ್ಟು ಗಟ್ಟಿಯಾಗಿ ಹೇಳಿದ್ದರಿಂದಲೇ ಮತ್ತೊಬ್ಬರು ಅಷ್ಟು ಗಟ್ಟಿಯಾಗಿ ಉತ್ತರಿಸಬೇಕಾಯಿತು. ‘ಅದು ಕೊಟ್ಟ ಆಗಿರಬಹುದೆ?’ ಎಂಬ ಕಾರ್ಡಿನ ಪ್ರಶ್ನೆಯೂ ಇದೇ ಜಾತಿಯದು. ಬಿಟ್ಟ ಎಂದರೂ ಕೊಟ್ಟ ಎಂದರೂ ದಾನವೇ ಇರಬಹುದು. ಆದರೆ ಕಲ್ಲಿನಲ್ಲಿ ಇಲ್ಲದ್ದನ್ನು ಓದಬಾರದೆಂಬ ಶಿಸ್ತು ಆ ಐದು ನಯಾಪೈಸೆಯಲ್ಲಿ ಕಾರ್ಕಳದಿಂದ ಕಾಪುವಿಗೆ ಬಂದಿತ್ತು.

ಅದೇ ಗ್ರಂಥಾಲಯದ ಮೇಜಿನ ಮೇಲೆ ನಾನು ಇನ್ನೊಂದು ಕತೆ ಓದಿದೆ. ಓದಿ ಸ್ವಲ್ಪ ಹೊತ್ತು ಎದ್ದು ಹೊರಗೆ ನಿಂತೆ. ಈಜಿಪ್ತಿನ ಆಕ್ಸಿರಿಂಕಸ್ ಎಂಬ ಹಳೆಯ ಪಟ್ಟಣದ ಕಸದ ದಿಬ್ಬಗಳನ್ನು ಅಗೆದಾಗ ಸಾವಿರಾರು ಪಪೈರಸ್ ಚೂರುಗಳು ಸಿಕ್ಕಿದುವು. 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ವಿದ್ವಾಂಸರು ಪ್ರಕಟಿಸಿದ ಸಂಪುಟದಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಅದರ ಕಥಾನಾಯಕಿ ಭಾರತದ ಕಡಲ ತೀರದಲ್ಲಿ ಸೆರೆಸಿಕ್ಕಿದ ಕ್ಯಾರಿಟಿಯನ್. ಅವಳನ್ನು ಹಿಡಿದಿಟ್ಟ ರಾಜನೂ ಅವನ ಪರಿವಾರವೂ ಗ್ರೀಕರಿಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಾರೆ. ಅದು ಕನ್ನಡವಿರಬಹುದೆಂದು ಜರ್ಮನಿಯ ಹುಲ್ಟ್‌ಷ್ ಮೊದಲು ಸೂಚಿಸಿದರು, ಆರ್. ಶಾಮಶಾಸ್ತ್ರಿಗಳು ಮುಂದುವರಿಸಿದರು, ಗೋವಿಂದ ಪೈಗಳೂ ಚರ್ಚೆಗೆ ಇಳಿದರು. ಬಿ. ಎ. ಸಾಲೆತ್ತೂರರು ಆ ತೀರ ನಮ್ಮ ಮಲ್ಪೆಯೇ ಇರಬೇಕೆಂದರು. ತುಳುವೆಂದು ಸಾಧಿಸಿದವರೂ ಇದ್ದಾರೆ. ಇದಾವುದೂ ಅಲ್ಲ, ಬರಿಯ ನಗೆಗಾಗಿ ಕಟ್ಟಿದ ಅರ್ಥವಿಲ್ಲದ ಶಬ್ದ ಎನ್ನುವವರೂ ಇದ್ದಾರೆ. ಚರ್ಚೆ ಇನ್ನೂ ಮುಗಿದಿಲ್ಲ.

ನನ್ನನ್ನು ಅಲುಗಿಸಿದ್ದು ಆ ಭಾಷೆಯಲ್ಲ, ಕಸದ ದಿಬ್ಬ. ಸುಮಾರು ಸಾವಿರದ ಎಂಟುನೂರು ವರ್ಷದ ಹಿಂದೆ ಯಾರೋ ಬೇಡವೆಂದು ಎಸೆದ ಕಾಗದ ನಮ್ಮ ಕರಾವಳಿಯ ಚರಿತ್ರೆಗೆ ಸಾಕ್ಷಿಯಾಗಿ ನಿಂತಿದೆ. ಅಲ್ಲಿ ಮಳೆಯಿಲ್ಲ, ಒಣ ಮರಳು, ಎಸೆದರೂ ಉಳಿಯಿತು. ನಮ್ಮಲ್ಲಿ ಹಾಗಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆಯೇ ಬೆವರುವ ಈ ಸೀಮೆಯಲ್ಲಿ ಎಸೆದದ್ದು ಉಳಿಯುವುದಿಲ್ಲ. ಒಬ್ಬ ಮನುಷ್ಯ ಬೇಕೆಂದು ಇಟ್ಟುಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ಅಪ್ಪಯ್ಯ ಬೇಕೆಂದು ಇಟ್ಟಿದ್ದರು. ನಾನು ಬೇಡವೆಂದೆ.

ಬೇಕೆಂದು ಇಟ್ಟುಕೊಂಡವರ ಉದಾಹರಣೆ ಬೇಕಿದ್ದರೆ ಬಾಸೆಲ್ ಮಿಷನ್ನಿನವರನ್ನು ನೋಡಬೇಕು. 1834ರಲ್ಲಿ ಮಂಗಳೂರಿಗೆ ಬಂದ ಅವರು 1854ರಲ್ಲಿ ಉಡುಪಿಯಲ್ಲೂ ನೆಲೆ ಮಾಡಿದರು. ಇಲ್ಲಿಂದ ಪ್ರತಿಯೊಬ್ಬ ಪಾದ್ರಿಯೂ ಕಾಲಕಾಲಕ್ಕೆ ಸ್ವಿಟ್ಜರ್ಲೆಂಡಿನ ಬಾಸೆಲಿಗೆ ವರದಿ ಬರೆಯಲೇಬೇಕಿತ್ತು. ಯಾವ ಊರಿನಲ್ಲಿ ಮಳೆ ಹೇಗಾಯಿತು, ಶಾಲೆಗೆ ಯಾವ ಜಾತಿಯ ಮಕ್ಕಳು ಬಂದರು, ಜಾತ್ರೆಯಲ್ಲಿ ಜನ ಏನೆಂದರು ಎಂಬ ವಿವರವೆಲ್ಲ ಅದರಲ್ಲಿ ಸೇರುತ್ತಿತ್ತು. ಬಾಸೆಲಿನಲ್ಲಿ ಒಂದನ್ನೂ ಎಸೆಯಬೇಕೆಂದು ಅವರಿಗೆ ತೋಚಲಿಲ್ಲ. ಅವು ಇಂದಿಗೂ ಅಲ್ಲಿನ ಪತ್ರಾಗಾರದಲ್ಲಿ ಇವೆ. ಹೀಗಾಗಿ ಹತ್ತೊಂಬತ್ತನೆಯ ಶತಮಾನದ ನಮ್ಮ ಊರುಗಳ ಬಗ್ಗೆ ಪಾದ್ರಿಗಳು ಏನೆಂದುಕೊಂಡರೆಂದು ತಿಳಿಯುವುದು ಸುಲಭ. ಪಾದ್ರಿಗಳ ಬಗ್ಗೆ ನಮ್ಮ ಊರಿನವರು ಏನೆಂದುಕೊಂಡರೆಂದು ತಿಳಿಯುವುದು ಕಷ್ಟ. ಅದು ಬರೆದಿಟ್ಟಿದ್ದ ಕಾಗದಗಳಿದ್ದರೆ ಅವೂ ಯಾವುದಾದರೂ ಹಂಡೆಯ ನೀರನ್ನು ಕಾಯಿಸಿರಬೇಕು.

ಕುಂಜಿಬೆಟ್ಟಿನಿಂದ ಮೇಲೆ ಹತ್ತಿದರೆ ಮಣಿಪಾಲ. ಅಲ್ಲಿ ವಿಜಯನಾಥ ಶೆಣೈಯವರು ಹಸ್ತಶಿಲ್ಪವೆಂಬ ಹೆಸರಿನಲ್ಲಿ ಹಳೆಯ ಮನೆಗಳನ್ನು ಉಳಿಸಿದ ಬಗೆ ಎಲ್ಲರಿಗೂ ಗೊತ್ತು. ಊರವರು ಕೆಡವಿ ಕಟ್ಟಿಗೆಗೆ ಮಾರುತ್ತಿದ್ದ ಮನೆಗಳ ಕಂಬ, ತೊಲೆ, ಬಾಗಿಲುಗಳನ್ನು ತಂದು ಮತ್ತೆ ನಿಲ್ಲಿಸಿದರು. 2017ರಲ್ಲಿ ಅವರು ತೀರಿಕೊಂಡರು. ಆ ಮನೆಗಳ ನಡುವೆ ನಡೆಯುವಾಗಲೆಲ್ಲ ನಾನು ಮಾರಿದ ಕಂಬಗಳ ನೆನಪಾಗುತ್ತದೆ. ಅವು ಎಲ್ಲಿಯೋ ಯಾರದೋ ಜಗಲಿಯನ್ನು ಹೊತ್ತು ನಿಂತಿರಬಹುದು ಎಂಬ ಸಮಾಧಾನ ಮಾಡಿಕೊಳ್ಳಬಹುದು. ಕಂಬಕ್ಕೆ ಎರಡನೆಯ ಜನ್ಮ ಉಂಟು, ಕಾಗದಕ್ಕೆ ಇಲ್ಲ.

ಕಾರ್ಡಿನ ಮೇಲೆ ಕಾರ್ಕಳದ ಮುದ್ರೆ ಇತ್ತಲ್ಲ. ಅಲ್ಲಿಗೂ ಹೋದೆ, ಒಂದಲ್ಲ ನಾಲ್ಕು ಸಲ. ಬಸ್ಸಿಳಿದು ಆನೆಕೆರೆಯ ಬದಿಯಿಂದ ಚತುರ್ಮುಖ ಬಸದಿಯ ಮೆಟ್ಟಿಲು ಹತ್ತಿ, 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ ಆ ಕಲ್ಲಿನ ಸಾಲುಗಂಬಗಳ ನಡುವೆ ಕುಳಿತು ಯೋಚಿಸಿದೆ. 1958ರಲ್ಲಿ ಈ ಊರಿನಲ್ಲಿ ಶಾಸನ ಓದಬಲ್ಲ, ಕಾಪುವಿನ ಒಬ್ಬ ಮಾಸ್ತರನಿಗೆ ‘ಸಾದರ ನಮಸ್ಕಾರ’ ಬರೆಯುವಷ್ಟು ದೊಡ್ಡ ಮನಸ್ಸಿನ ಮನುಷ್ಯ ಯಾರಿದ್ದಿರಬಹುದು? ಹಿರಿಯರನ್ನು ವಿಚಾರಿಸಿದೆ. ಇಬ್ಬರು ಮೂವರ ಹೆಸರು ಹೇಳಿದರು. ಆ ಮನೆಗಳಿಗೂ ಹೋದೆ. ಒಂದು ಕಡೆ ಮನೆಯೇ ಇರಲಿಲ್ಲ. ಇನ್ನೊಂದು ಕಡೆ ಕಾಫಿ ಕೊಟ್ಟು ಕೂರಿಸಿ, ‘ಹಳೆಯ ಕಾಗದವೆಲ್ಲ ಗುಜರಿಯವನಿಗೆ ಹೋಯ್ತು ಮಾರಾಯ್ರೆ, ಜಾಗ ಬೇಕಲ್ಲ’ ಎಂದರು. ಅವರನ್ನು ದೂರುವ ಬಾಯಿ ನನಗಿರಲಿಲ್ಲ.

ಕಾರ್ಕಳ ತಾಲೂಕಿನದೇ ನಂದಳಿಕೆ. ಅಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪನವರು ಉಡುಪಿಯಲ್ಲಿ ಶಾಲಾಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತ ಬರೆದ ‘ಅದ್ಭುತ ರಾಮಾಯಣ’ವನ್ನು ಯಾರೋ ಹಳೆಯ ಕವಿಯದೆಂಬಂತೆ ಮೈಸೂರಿಗೆ ಅಂಚೆಯಲ್ಲಿ ಕಳುಹಿಸಿದರು. ಅಲ್ಲಿನವರು ನಂಬಿ ಅಚ್ಚು ಮಾಡಿದರು. ಕ್ಷಯದಿಂದ 1901ರಲ್ಲಿ, 31ರ ಪ್ರಾಯದಲ್ಲಿ ಅವರು ತೀರಿಕೊಂಡಾಗ ಮುದ್ದಣನೆಂದರೆ ಈ ಡ್ರಿಲ್ ಮಾಸ್ತರನೇ ಎಂದು ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಹತ್ತಿರದವರು ನೆನಪಿಟ್ಟುಕೊಂಡು ಹೇಳಿದ್ದರಿಂದ ಮುದ್ದಣ ನಮಗೆ ಉಳಿದ. ಅವರೂ ‘ನಮಗೇಕೆ’ ಎಂದು ಸುಮ್ಮನಾಗಿದ್ದರೆ?

ದೊಡ್ಡ ಗ್ರಂಥಗಳ ಹಿಂದೆ ಇಂಥ ಹೆಸರಿಲ್ಲದವರು ಬಹಳ ಮಂದಿ. ಕಾಪುವಿನ ಸಮೀಪದ ಪಾದೂರಿನವರಾದ ಪಿ. ಗುರುರಾಜ ಭಟ್ಟರು, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು, ತುಳುನಾಡಿನ ದೇವಸ್ಥಾನ ಬಸದಿಗಳನ್ನು ಊರೂರು ಸುತ್ತಿ ನೋಡಿ 1975ರಲ್ಲಿ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಮೇಲೆ ಇಂಗ್ಲಿಷಿನಲ್ಲಿ ಮಹಾಗ್ರಂಥ ಬರೆದರು. 1978ರಲ್ಲಿ ಅಕಾಲದಲ್ಲಿ ಹೋಗಿಬಿಟ್ಟರು. ಗೋವಿಂದ ಪೈ ಕೇಂದ್ರದಲ್ಲಿ ಯು. ಪಿ. ಉಪಾಧ್ಯಾಯರೂ ಸುಶೀಲಾ ಉಪಾಧ್ಯಾಯರೂ ಸಂಗಡಿಗರೊಡನೆ 1979ರಿಂದ ದುಡಿದು 1988 ಮತ್ತು 1997ರ ನಡುವೆ ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದರು. ಅಂಥವರು ಒಂದು ಊರಿಗೆ ಹೋದಾಗ ‘ಇಲ್ಲೊಂದು ಕಲ್ಲುಂಟು’, ‘ಈ ಶಬ್ದಕ್ಕೆ ನಮ್ಮಲ್ಲಿ ಬೇರೆ ಅರ್ಥ ಉಂಟು’ ಎನ್ನುವ ಒಬ್ಬ ಮಾಸ್ತರ, ಒಬ್ಬ ಭಟ್ಟರು, ಒಬ್ಬ ಗುತ್ತಿನ ಯಜಮಾನ ಬೇಕಲ್ಲವೆ? ಅವರ ಹೆಸರು ಉಳಿಯುವ ಜಾಗ ಒಂದೇ: ಪತ್ರ.

ಕಡೆಗೆ ಆ ಕಲ್ಲನ್ನಾದರೂ ನೋಡೋಣವೆಂದು ಒಂದು ಮಳೆ ಬಿಟ್ಟ ಬೆಳಗ್ಗೆ, ಕಾರ್ಡಿನಲ್ಲಿ ಹೇಳಿದಂತೆ ಓರೆ ಬಿಸಿಲು ಇರುವಾಗಲೇ, ಗದ್ದೆಯ ಕಡೆ ಹೋದೆ. ಗದ್ದೆ ಇರಲಿಲ್ಲ. ಕೆಂಪು ಮಣ್ಣು ತುಂಬಿಸಿ ಎತ್ತರ ಮಾಡಿ ಕಟ್ಟಡ ಎಬ್ಬಿಸಿದ್ದರು. ಕಲ್ಲು ಏನಾಯಿತೆಂದು ಕೇಳಿದರೆ, ಅಂಥದೊಂದು ಇತ್ತೆಂಬ ನೆನಪೇ ಅಲ್ಲಿ ಯಾರಿಗೂ ಇಲ್ಲ. ಪಂಚಾಯದಿಯ ಅಡಿಗೆ ಹೋಯಿತೋ ಮಣ್ಣಿನ ಅಡಿಗೆ ಹೋಯಿತೋ. ಆಗ ನನಗೆ ನನ್ನ ತಪ್ಪಿನ ನಿಜವಾದ ಅಳತೆ ಸಿಕ್ಕಿತು. ಕಲ್ಲು ಹೋದ ಮೇಲೆ ಅದರ ಬರಹ ಉಳಿದಿರಬಹುದಾದ ಜಾಗ ಎರಡೇ. ಒಂದು, ಅಪ್ಪಯ್ಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ನಕಲು. ಇನ್ನೊಂದು, ಕಾರ್ಕಳಕ್ಕೆ ಕಳುಹಿಸಿದ ನಕಲು. ಮೊದಲನೆಯದನ್ನು ನಾನು ಸುಟ್ಟೆ.

ಎರಡನೆಯದು ಇನ್ನೂ ಎಲ್ಲಿಯಾದರೂ ಇರಬಹುದು. ಅದಕ್ಕಾಗಿಯೇ ಇಷ್ಟು ಬರೆದೆ. ಓದುಗರೆ, ನಿಮ್ಮ ಅಟ್ಟದಲ್ಲಿ ಅಜ್ಜನ ಪೆಟ್ಟಿಗೆ ಇದ್ದರೆ ಮನೆ ಕೆಡವುವ ಮೊದಲು ಒಮ್ಮೆ ಇಳಿಸಿ. ಆಸ್ತಿಯ ಕಾಗದ ಮಾತ್ರ ಬೇರೆ ತೆಗೆದು ಉಳಿದುದನ್ನು ಒಲೆಗೆ ಕೊಡಬೇಡಿ. ಕಟ್ಟಿದ ಕಟ್ಟನ್ನು ಕಲಸಬೇಡಿ. ಯಾವುದರ ಜೊತೆ ಯಾವುದು ಇತ್ತೆಂಬುದೂ ಒಂದು ಸಾಕ್ಷಿ. ಲಕೋಟೆಯನ್ನು ಎಸೆಯಬೇಡಿ, ತಾರೀಕು ಬಹಳ ಸಲ ಅಂಚೆಯ ಮುದ್ರೆಯಲ್ಲೇ ಇರುತ್ತದೆ. ಹರಿದಲ್ಲಿ ಅಂಟುಪಟ್ಟಿ ಹಚ್ಚಬೇಡಿ, ಪ್ಲಾಸ್ಟಿಕ್ ಹೊದಿಕೆ ಹಾಕಿಸಬೇಡಿ. ಬಿಸಿಲಿಗೆ ಒಣಹಾಕದೆ ನೆರಳಿನ ಗಾಳಿಗೆ ಹರಡಿ, ಹತ್ತಿರದ ಗ್ರಂಥಾಲಯದಲ್ಲಿ ಬಲ್ಲವರಿಗೆ ತೋರಿಸಿ. ಬರೆದವರು ಯಾರೆಂದು ಹೇಳಬಲ್ಲ ಮುದುಕರು ಮನೆಯಲ್ಲಿದ್ದರೆ ಇವತ್ತೇ ಕೇಳಿ ಬೇರೆ ಚೀಟಿಯಲ್ಲಿ ಬರೆದಿಡಿ.

ಅಂಥ ಪೆಟ್ಟಿಗೆಯಲ್ಲಿ, 1958ರ ಸುಮಾರಿಗೆ ಕಾಪುವಿನ ಒಬ್ಬ ಮಾಸ್ತರರು ಗುಂಡುಗುಂಡಾದ ಅಕ್ಷರದಲ್ಲಿ, ಸಾಲಿಗೆ ಸಾಲು ಅಂಕೆ ಹಾಕಿ ನಕಲು ಮಾಡಿದ ಒಂದು ಶಾಸನ ಸಿಕ್ಕಿದರೆ, ದಯವಿಟ್ಟು ನಾಲ್ಕನೆಯ ಸಾಲನ್ನು ನೋಡಿ. ಬಿಟ್ಟ ಎಂದಿದೆಯೋ, ತಿದ್ದಿ ಕೊಟ್ಟ ಎಂದು ಮಾಡಿದ್ದಾರೋ, ನನಗೆ ತಿಳಿಸಿದರೆ ಉಪಕಾರವಾಗುತ್ತದೆ. ಕಾರ್ಡಿನಲ್ಲಿ ಬರೆದರೂ ಸಾಕು.